ಅಕ್ಕನ ಒನಕೆ, ಹುಸೇನಬಿಯ ಬರ್ಮಾ

ಲಿಂಗಸುಗೂರಿನ ನಮ್ಮ ಮನೆಗೆ ಬಂದವರು ನನ್ನ ಮೇಜಿನ ಮೇಲೆ ಪೆನ್ನು ಇಡುವ ಮರದ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಗೇಣುದ್ದದ ಕಪ್ಪುಗೆಂಪು ಕಟ್ಟಿಗೆ, ನೆತ್ತಿಯ ನಟ್ಟನಡುವೆ ದುಂಡನೆಯ ತೂತು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಆ ತೂತು ನೆಟ್ಟಗೆ ತಳಕ್ಕಿಳಿಯದೆ, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ, ಮಗ್ಗುಲಿನಿಂದ ಹೊರಗೆ ಬಂದುಬಿಟ್ಟಿದೆ. ಪೆನ್ನು ಇಳಿಬಿಟ್ಟರೆ ಅದರ ಮೂತಿ ಕಿಟಕಿಯಿಂದ ಇಣುಕುವ ಮುದುಕಿಯ ಹಾಗೆ ಪಕ್ಕದಲ್ಲಿ ಕಾಣುತ್ತದೆ.

"ಇದನ್ನ ಎಲ್ಲಿಂದ ತಂದ್ರಿ ಟೀಚರ್, ಡಿಜೈನ್ ಭಾಳ ಛಂದ ಐತಿ" ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿದರು. ಮುದಗಲ್ಲಿನಿಂದ ಎಂದೆ. ಡಿಜೈನು ಯಾರದು ಎಂದು ಹೇಳಲಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅದು ನನ್ನದೇ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ವೃತ್ತ, ಅದರ ಕೇಂದ್ರ, ಸಿಲಿಂಡರು, ಅದರ ಅಕ್ಷ, ಇವೆಲ್ಲ ನನ್ನ ಹೊಟ್ಟೆಪಾಡು. ಕೈವಾರವಿಲ್ಲದೆ ಕರಿಹಲಗೆಯ ಮೇಲೆ ಒಂದೇ ಬೀಸಿಗೆ ವೃತ್ತ ಎಳೆಯುತ್ತೇನೆಂದು ನನಗೆ ಒಳಗೊಳಗೇ ಜಂಬವಿತ್ತು. ಮಕ್ಕಳು "ಹೋ" ಎನ್ನುವುದನ್ನು ಕೇಳುವುದಕ್ಕಾಗಿಯೇ ಬೇಡದ ಕಡೆಯೂ ಒಂದೆರಡು ವೃತ್ತ ಎಳೆದದ್ದುಂಟು. ಆ ಜಂಬಕ್ಕೆ ತೂತು ಬಿದ್ದದ್ದು ಹೇಗೆ ಎಂದು ಹೇಳಬೇಕಾದರೆ ಮೊದಲು ನಮ್ಮ ಅಕ್ಕನ ಕೈಗಳ ಸುದ್ದಿ ಹೇಳಬೇಕು.

ಅಕ್ಕ ನೀಲಮ್ಮ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಿ ಹೋದದ್ದು ಮಸ್ಕಿಗೆ. ಮಗ, ಸೊಸೆ ಮಂಜುಳಾ, ಎರಡು ಎಮ್ಮೆ, ಹಿತ್ತಲಲ್ಲಿ ನುಗ್ಗೆಗಿಡ, ದಿನವಿಡೀ ಬಂದು ಹೋಗುವ ಜನ. ತುಂಬಿದ ಮನೆ. ಚಿಕ್ಕಂದಿನಲ್ಲಿ ಅಕ್ಕನ ಕೈಹಿಡಿತವೆಂದರೆ ನಮ್ಮ ಓಣಿಗೇ ಹೆಸರುವಾಸಿ. ನನಗೆ ನೆಗಡಿ ಬಂದರೆ ಅವ್ವ ಮೆಣಸಿನ ಕಾಳೊಂದನ್ನು ಸೂಜಿಗೆ ಚುಚ್ಚಿ, ದೀಪಕ್ಕೆ ಹಿಡಿದು, ಅದರ ಹೊಗೆಯನ್ನು ಮೂಗಿಗೆ ಕೊಡುತ್ತಿದ್ದಳು. ಸೂಜಿ ಕಂಡ ಕೂಡಲೆ ನಾನು ಮಂಚದ ಕೆಳಗೆ. ಅಲ್ಲಿಂದ ನನ್ನನ್ನು ಕಾಲು ಹಿಡಿದು ಎಳೆದು, ಎರಡೂ ಕೈಗಳನ್ನು ತನ್ನ ಒಂದೇ ಕೈಯಲ್ಲಿ ಕಟ್ಟಿಹಾಕಿದ ಹಾಗೆ ಹಿಡಿದುಕೊಳ್ಳುತ್ತಿದ್ದವಳು ಅಕ್ಕ. ಹೊಗೆ ನೆತ್ತಿಗೇರಿ ನಾನು ಏಳೆಂಟು ಸೀನು ಸೀನುವ ತನಕ ಬಿಡುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಮೆಣಸಿನಕಾಯಿ ಊಟಕ್ಕೆ, ಮೆಣಸಿನ ಕಾಳು ಮದ್ದಿಗೆ. ಕೆಂಪು ಚಟ್ನಿಯಿಲ್ಲದೆ ರೊಟ್ಟಿ ಮುರಿಯುವುದುಂಟೆ? ಕಾಳು ಮಾತ್ರ ಅರಿಸಿನ ಕೊಂಬಿನ ಜೊತೆ ಹಿತ್ತಾಳೆಯ ಭರಣಿಯಲ್ಲಿ, ಕಾಯಿಲೆ ಬರುವುದನ್ನೇ ಕಾಯುತ್ತ ಕೂತಿರುತ್ತಿತ್ತು.

ಅಂಥ ಅಕ್ಕನ ಕೈಗಳಿಗೆ ಸಂಧಿವಾತ ಬಂತು. ಕೆಲವು ವರ್ಷಗಳಲ್ಲಿ ಬೆರಳುಗಳೆಲ್ಲ ಗಾಳಿಗೆ ಸಿಕ್ಕ ಜೋಳದ ಪೈರಿನ ಹಾಗೆ ಒಂದೇ ಕಡೆಗೆ ವಾಲಿದವು. ಗುಳಿಗೆ ನುಂಗಿ ನುಂಗಿ ಹೊಟ್ಟೆ ಉರಿ ಹತ್ತಿ, ಡಾಕ್ಟರು ಮೆಣಸಿನಕಾಯಿ ಪೂರಾ ಬಿಡಬೇಕೆಂದರು. ನಾನೂ ಜೊತೆಗಿದ್ದೆ. ಅಕ್ಕ ಗುಳಿಗೆಯ ಚೀಟಿಯನ್ನು ಅವರ ಮೇಜಿನ ಮೇಲೇ ಇಟ್ಟು, "ಖಾರ ಇಲ್ಲದ್ದು ಊಟ ಏನ್ರೀ ಸಾಹೇಬ್ರ? ಅದನ್ನ ನಮ್ಮ ಎಮ್ಮಿಗೆ ಹಾಕ್ತೀನಿ, ಅದೂ ಮೂಸಿ ನೋಡಂಗಿಲ್ಲ" ಎಂದಳು. ಡಾಕ್ಟರು ನಕ್ಕು, ಬೇಕಾದರೆ ಚೂರು ಕಾಳುಮೆಣಸಿನ ಪುಡಿ ಉದುರಿಸಿಕೊಳ್ಳಿ ಎಂದು ರಾಜಿಯಾದರು.

ಹೀಗೆ ಭರಣಿಯೊಳಗಿದ್ದ ಮದ್ದು ಅಕ್ಕನ ಊಟದ ಗಂಗಾಳಕ್ಕೆ ಬಂತು. ಆದರೆ ಕುಟ್ಟುವುದು ಹೇಗೆ? ಕಲ್ಲಿನ ಕುಟ್ಟಾಣಿ ಎತ್ತಲಾಗದು. ಮಗ ಎಲ್ಲಿಂದಲೋ ಪ್ಲಾಸ್ಟಿಕ್ಕಿನ ಮೆಣಸಿನ ಗಿರಣಿ ತಂದುಕೊಟ್ಟ. ಗೇಣುದ್ದದ ಕೊಳವೆ, ಒಳಗೆ ಕಾಳು, ತಲೆ ತಿರುಗಿಸಿದರೆ ತಳದ ಉಕ್ಕಿನ ಹಲ್ಲುಗಳ ನಡುವೆ ಅರೆದು ಪುಡಿ ಉದುರುತ್ತದೆ. ಅದರ ನುಣ್ಣನೆಯ ಸಣ್ಣ ತಲೆ ಅಕ್ಕನ ಬೆರಳಿಗೆ ನಿಲ್ಲಲೊಲ್ಲದು. ಮೂರನೆಯ ದಿನ ಜಾರಿ ಬಿದ್ದು ಮೈ ಸೀಳಿತು.

"ಅತ್ತಿ, ನಾ ಕುಟ್ಟಿ ಡಬ್ಬಿಗೆ ಹಾಕಿ ಇಡ್ತೀನಿ ತಗೋರಿ" ಎಂದಳು ಮಂಜುಳಾ. ಒಳ್ಳೆಯ ಹುಡುಗಿ, ಅತ್ತೆಯ ಮೇಲೆ ಜೀವ.

ಅಕ್ಕ ಸಿಟ್ಟು ಮಾಡಲಿಲ್ಲ. ಸುಮ್ಮನೆ ಅಂದಳು: "ತಲಿ ನೀ ಹಿಕ್ಕತಿ, ಕುಬಸದ ಗುಂಡಿ ನೀ ಹಾಕತಿ, ರೊಟ್ಟಿ ನೀ ಮುರದು ಕೊಡ್ತಿ. ನನ್ನ ಗಂಗಾಳಕ್ಕ ಇದೊಂದರೆ ನಾನ ಹಾಕ್ಕೊಬೇಕಂತಿತ್ತವಾ."

ಮಂಜುಳಾ ಒಳಗೆ ಹೋದಳು. ನಾನು ಒಡೆದ ಗಿರಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಮೈ ಒಡೆದಿತ್ತು, ಒಳಗಿನ ಉಕ್ಕಿನ ಹಲ್ಲು, ಸಣ್ಣ ಸರಳು ಗಟ್ಟಿಯಾಗಿದ್ದವು. ಕಟ್ಟಿಗೆಯದೊಂದು ಮೈ ಮಾಡಿಸಿದರಾಯಿತು, ಅದರಲ್ಲೇನಿದೆ ಎಂದುಕೊಂಡೆ. ಒಂದು ಸಿಲಿಂಡರು, ಅದರೊಳಗೊಂದು ಸಿಲಿಂಡರು, ಎರಡಕ್ಕೂ ಒಂದೇ ಅಕ್ಷ. ಒಂಬತ್ತನೆಯ ಇಯತ್ತೆಯ ಲೆಕ್ಕ.

ಈ ಲೆಕ್ಕ ಹಿಡಿದು ಮೊದಲು ಸಿಂಧನೂರಿಗೆ ಹೋದೆ. ಅಲ್ಲಿ ದೊಡ್ಡ ಫರ್ನಿಚರ್ ಅಂಗಡಿ, ಸೋಫಾದ ಕಾಲುಗಳನ್ನು ರಾಶಿ ರಾಶಿ ಕಡೆದು ಪೇರಿಸಿದ್ದರು. ಮಾಲೀಕರು ನೀರಾವರಿ ಕ್ಯಾಂಪಿನ ಕಡೆಯವರು, ಕನ್ನಡದ ತುದಿಗೆ ತೆಲುಗು ಅಂಟಿಸಿ ಮಾತಾಡುವವರು. ನನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮ್ಯಾಲಿಂದ ತಳದ ತನಕ ತೂತಾ? ಉದ್ದಕ್ಕ? ಸೀಳತೈತಿ, ಬ್ಯಾಡ, ವದ್ದು ಲೇಮ್ಮಾ. ಹೊರಗ ಕೆತ್ತಂದ್ರ ನೂರು ಮಂದಿ ಕೆತ್ತತಾರ. ಒಳಗ ಕೊರಿಯಾದು ಬ್ಯಾರೆ ಕೆಲಸ. ಮುದಗಲ್ಲಿಗೆ ಹೋಗ್ರಿ, ಅಲ್ಲಿ ಖರಾದಿ ಮೈಬೂಸಾಬ ಅಂತ ಅದಾನ."

ಕಟ್ಟಿಗೆಯನ್ನು ತಿರುಗಿಸುತ್ತ ಉಳಿ ಹಿಡಿದು ಕಡೆಯುವವರಿಗೆ ನಮ್ಮ ಕಡೆ ಖರಾದಿ ಎನ್ನುತ್ತಾರೆ. ಮುಂದಿನ ಭಾನುವಾರ ಮುದಗಲ್ಲಿನ ಕೋಟೆಗೋಡೆಯ ಹತ್ತಿರದ ಒಂದು ಓಣಿಯಲ್ಲಿ ಹುಡುಕಿಕೊಂಡು ಹೋದೆ. ಬಾಗಿಲ ಬಳಿ ಮೊಪೆಡ್ಡಿಗೆ ತೊಟ್ಟಿಲ ಗೂಟ, ಲಟ್ಟಣಿಗೆಗಳ ಗಂಟು ಕಟ್ಟುತ್ತಿದ್ದ ಗಡ್ಡದ ಮನುಷ್ಯ. ಅವನ ಬಲಭುಜ ಒಂದಿಷ್ಟು ಜಾರಿದ ಹಾಗಿತ್ತು.

"ಖರಾದಿ ಮೈಬೂಸಾಬರು ನೀವೇನ್ರಿ?"

"ಮೈಬೂಸಾಬ ನಾನ ರೀ. ಖರಾದಿ ಒಳಗ ಅದಾಳ" ಎಂದ.

ಒಳಗೆ ಯಂತ್ರದ ಮುಂದೆ, ಸೆರಗನ್ನು ಸೊಂಟಕ್ಕೆ ಬಿಗಿದು, ಕೂದಲಿಗೆಲ್ಲ ಹೊಟ್ಟು ಅಂಟಿಸಿಕೊಂಡು, ಅರವತ್ತರ ಆಸುಪಾಸಿನ ಹೆಣ್ಣುಮಗಳು ನಿಂತಿದ್ದಳು. ಅವಳೇ ಹುಸೇನಬಿ. ನಾನು ಮಾತಾಡಲು ಬಾಯಿ ತೆರೆದರೆ ಎಡಗೈ ಎತ್ತಿ ತಡೆದಳು. ತಿರುಗುತ್ತಿದ್ದ ಲಟ್ಟಣಿಗೆಯ ಮೇಲೆ ಉಳಿ ಒಂದು ಸುತ್ತು ನಡೆದು ಬಂತು. ಆಮೇಲೆ ಮೋಟಾರು ಆರಿಸಿ, "ಈಗ ಹೇಳ್ರಿ ಅಕ್ಕೋರ" ಎಂದಳು. ನಮ್ಮ ಕಡೆ ಅಕ್ಕೋರು ಎಂದರೆ ಟೀಚರು, ಆದರೆ ಟೀಚರೆಂದು ನಾನು ಹೇಳಿರಲಿಲ್ಲ. ಬೆರಳಿಗೆ ಅಂಟಿದ ಸೀಮೆಸುಣ್ಣ ಭಾನುವಾರವೂ ಹೋಗಿರುವುದಿಲ್ಲವೆನ್ನಿ.

ಅವಳ ಕಥೆಯನ್ನು ಅವಳು ಹೇಳಲಿಲ್ಲ, ಮೈಬೂಸಾಬ ಹೇಳಿದ. ಮೊದಲು ಮೋಟಾರು ಇರಲಿಲ್ಲ. ಎರಡು ಕಬ್ಬಿಣದ ಮೊಳೆಗಳ ನಡುವೆ ಕಟ್ಟಿಗೆ ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ, ಒಬ್ಬರು ಹಗ್ಗದ ಎರಡು ತುದಿಗಳನ್ನು ಅತ್ತ ಇತ್ತ ಎಳೆಯಬೇಕು. ಕಟ್ಟಿಗೆ ಆ ಕಡೆ ಈ ಕಡೆ ತಿರುಗುತ್ತದೆ, ಇನ್ನೊಬ್ಬರು ಉಳಿ ಹಿಡಿಯಬೇಕು. ಮದುವೆಯಾಗಿ ಬಂದ ಮರುವಾರದಿಂದ ಹುಸೇನಬಿಯದು ಹಗ್ಗ ಎಳೆಯುವ ಕೆಲಸ. ಇಪ್ಪತ್ತು ವರ್ಷ ಎಳೆದಳು. ಒಂದು ದಿನವೂ ಉಳಿ ಮುಟ್ಟಿದವಳಲ್ಲ. ಮೋಟಾರು ಬಂದ ಮೇಲೆ ಹಗ್ಗವೂ ಬೇಡವಾಗಿ ಒಲೆಯ ಮುಂದೆ ಕೂತಳು. ಅಷ್ಟರಲ್ಲಿ ಮೈಬೂಸಾಬ ಸಂತೆಕಲ್ಲೂರಿನ ದಾರಿಯಲ್ಲಿ ಮೊಪೆಡ್ಡಿನಿಂದ ಬಿದ್ದು ಭುಜದ ಬಲ ಕಳೆದುಕೊಂಡ. ಮುಗಿಯದ ತೊಟ್ಟಿಲೊಂದು ಮೂಲೆಯಲ್ಲಿತ್ತು. ಹೆರಿಗೆಗೆ ಬಂದ ಹುಡುಗಿಯ ಮನೆಯವರು ಅವಸರ ಮಾಡುತ್ತಿದ್ದರು. ಹುಸೇನಬಿ ಎದ್ದು ಉಳಿ ತೆಗೆದುಕೊಂಡು ನಾಲ್ಕನೆಯ ಕಾಲನ್ನು ಕಡೆದಿಟ್ಟಳು.

"ನಾಲ್ಕೂ ಕಾಲು ಮುಂದಿಟ್ಕೊಂಡು ಕುಂತೆ ರೀ" ಎಂದ ಮೈಬೂಸಾಬ. "ನಾ ಮಾಡಿದ್ವು ಯಾವು ಮೂರು, ಈಕಿ ಮಾಡಿದ್ದು ಯಾವ್ದು, ನನಗ ತಿಳೀಲಿಲ್ಲ. ಹಗ್ಗ ಎಳದಾಕಿಗೆ ಉಳಿ ಹೆಂಗ ಬಂತು ಅಂತ ಕೇಳಿದೆ."

"ಏನಂದ್ರು?"

ಹುಸೇನಬಿ ಉಳಿಯ ಬಾಯಿಯನ್ನು ಸೆರಗಿನ ತುದಿಯಲ್ಲಿ ಒರೆಸುತ್ತಿದ್ದಳು. "ಹಗ್ಗದಾಗ ಎಲ್ಲಾ ಬರತೈತಿ ರೀ ಅಕ್ಕೋರ. ಉಳಿ ಎಲ್ಲಿ ಕಚ್ಚತೈತಿ, ಎಲ್ಲಿ ಜಾರತೈತಿ, ಕಟ್ಟಿಗಿ ಎಲ್ಲಿ ನೋಯ್ತೈತಿ, ಕೈಗೆ ಗೊತ್ತಾಗತೈತಿ. ಇವರಿಗೆ ಬರೇ ಕಣ್ಣಿಗೆ ಕಾಣತಿತ್ತು."

ಮೈಬೂಸಾಬ ನಕ್ಕ. ಹೆಂಡತಿಯ ಇಂಥ ಮಾತಿಗೆ ಹಾಗೆ ಹೆಮ್ಮೆಯಿಂದ ನಕ್ಕ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ.

ನಾನು ಒಡೆದ ಗಿರಣಿ ಬಿಚ್ಚಿಟ್ಟೆ. ಅವಳು ಸರಳನ್ನು ತಿರುಗಿಸಿದಳು, ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಅವಳ ಮಾವ ಸನಾದಿಯ ಕೊಳವೆ ಕೊರೆಯುತ್ತಿದ್ದನಂತೆ. ಉದ್ದ ತೂತಿನ ವಿದ್ಯೆ ಆ ಮನೆಯಲ್ಲಿತ್ತು. ಆದರೆ ಇಷ್ಟು ದೊಡ್ಡ ತೂತನ್ನು ಅವರಾರೂ ಕೊರೆದಿರಲಿಲ್ಲ. "ಬರ್ಮಾ ಹೊಸಾದು ಬಡೀಬೇಕು, ಲಾರಿ ಪಾಟಾದ್ದು" ಎಂದು ಗಂಡನಿಗೆ ಹೇಳಿದಳು. ಬರ್ಮಾ ಎಂದರೆ ತೂತು ಕೊರೆಯುವ ಸಲಾಕೆ, ಅದನ್ನು ಲಾರಿಯ ಸ್ಪ್ರಿಂಗು ಪಟ್ಟಿಯ ಉಕ್ಕಿನಿಂದ ಬಡಿದು ಮಾಡಬೇಕಿತ್ತು. ನನ್ನ ಕಡೆ ತಿರುಗಿ ಎರಡು ಸಾಮಾನು ಕೇಳಿದಳು.

"ಒಂದು, ಹಳೀ ಕಟ್ಟಿಗಿ ತರ್ರಿ. ಭಾಳ ಹಳೇದು. ಹಸೀದು ಕೊರದ್ರ ನಾಳೆ ಒಣಗಿ ಸೊಟ್ಟ ಆಗತೈತಿ, ಗಿರಣಿ ತಿರುಗಂಗಿಲ್ಲ."

"ಇನ್ನೊಂದು?"

"ನಿಮ್ಮಕ್ಕನ ಕೈ."

ನಾನು ಬೆಪ್ಪಾಗಿ ನೋಡಿದೆ. "ಕಣಕ ನಾದಿ ಆಕಿ ಕೈಯಾಗ ಕೊಡ್ರಿ. ಎಷ್ಟು ಹಿಡೀಲಿಕ್ಕೆ ಆಗತೈತಿ ಅಷ್ಟು ಹಿಡೀಲಿ. ಹಂಗ ನೆರಳಾಗ ಒಣಗಿಸಿ ತರ್ರಿ."

ಮಸ್ಕಿಗೆ ಹೋಗಿ ಹೇಳಿದೆ. ಮಂಜುಳಾ ಗೋಧಿಹಿಟ್ಟು ಗಟ್ಟಿಯಾಗಿ ನಾದಿ ಉಂಡೆ ಮಾಡಿ ಅತ್ತೆಯ ಅಂಗೈಯಲ್ಲಿ ಇಟ್ಟಳು. ಅಕ್ಕ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹಿಡಿದಳು. ಕೈ ತೆಗೆದಾಗ ಉಂಡೆಯ ಮೇಲೆ, ಹೆಬ್ಬೆರಳಿನದು ಬಿಟ್ಟರೆ, ಮೂರು ತಗ್ಗು ಮಾತ್ರ ಇದ್ದವು. ನಾಲ್ಕನೆಯ ಬೆರಳು ಹಿಟ್ಟನ್ನು ಮುಟ್ಟಿರಲೇ ಇಲ್ಲ. ನನ್ನ ಎರಡೂ ಕೈಗಳನ್ನು ಒಂದರಲ್ಲಿ ಕಟ್ಟಿಹಾಕುತ್ತಿದ್ದ ಕೈ ಅದು. ನಾನು ಹಿತ್ತಲಿಗೆ ಹೋಗಿ ನುಗ್ಗೆಗಿಡವನ್ನು ಸುಮ್ಮನೆ ನೋಡುತ್ತ ನಿಂತೆ.

ಬಂದು ನೋಡಿದರೆ ಅಕ್ಕ ಮಂಜುಳಾಳಿಂದ ಅಟ್ಟದ ಮೇಲಿನ ಒನಕೆ ಇಳಿಸಿದ್ದಳು. ಅವಳ ಮದುವೆಯಲ್ಲಿ ಅವ್ವ ಕೊಟ್ಟ ಜಾಲಿ ಕಟ್ಟಿಗೆಯ ಒನಕೆ. ಅದಕ್ಕೂ ಮೊದಲು ಅವ್ವ ಎಷ್ಟು ವರ್ಷ ಕುಟ್ಟಿದ್ದಳೋ. ಹಿಡಿಯುವ ನಡುವು ಕನ್ನಡಿಯ ಹಾಗೆ ನುಣುಪಾಗಿತ್ತು. ಅಲ್ಲೇ ಉದ್ದನೆಯ ಬಿರುಕು ಬಿಟ್ಟಿತ್ತು.

"ಇದನ್ನ ಕೊಯ್ಸಬ್ಯಾಡಕ್ಕಾ" ಎಂದೆ.

"ಮತ್ತೇನ್ ಮಾಡ್ಲಿ? ಗ್ವಾಡಿಗೆ ನಿಂದ್ರಿಸಿ ಪೂಜಿ ಮಾಡ್ಲೇನು? ಒಯ್ಯಿ. ಅವ್ವ ಇದ್ದಿದ್ರ ಆಕಿನೂ ಒಯ್ಯಿ ಅಂತಿದ್ಲು."

ಮುದಗಲ್ಲಿನ ಬಸ್ಸಿನಲ್ಲಿ ಆಳೆತ್ತರದ ಒನಕೆ ಹಿಡಿದು ನಿಂತ ನನ್ನನ್ನು ನೋಡಿ ಕಂಡಕ್ಟರು "ಅಕ್ಕೋರ, ಯಾರನ್ನ ಕುಟ್ಟಾಕ ಹೊಂಟೀರಿ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅವನೂ ಒಂದು ಕಾಲಕ್ಕೆ ನನ್ನ ಕೈಯಲ್ಲಿ ಗಣಿತಕ್ಕೆ ಪೆಟ್ಟು ತಿಂದವನೇ ಇರಬೇಕು.

ಹುಸೇನಬಿ ಒನಕೆಯನ್ನು ಮಗುವನ್ನು ಮಲಗಿಸುವ ಹಾಗೆ ನೆಲಕ್ಕಿಟ್ಟು, ಗೆಣ್ಣಿನಿಂದ ಉದ್ದಕ್ಕೂ ಬಡಿದು ಕೇಳಿದಳು. ನಡುವಿನ ಭಾಗದಲ್ಲಿ ಟೊಳ್ಳು ಸದ್ದು. ಎರಡು ತುದಿಗಳಲ್ಲಿ ಮಾತ್ರ ಗಟ್ಟಿ ಕಟ್ಟಿಗೆ. ಬಿರುಕು ತಗಲದ ಎರಡೇ ತುಂಡು ಸಿಕ್ಕವು.

"ಎರಡು ಅವಕಾಶ" ಎಂದೆ ನಾನು, ಸಮಾಧಾನದಿಂದ.

"ಒಂದ ಅಂತ ತಿಳ್ಕೋರಿ" ಎಂದಳು ಹುಸೇನಬಿ.

ಅವಳು ಕೇಂದ್ರ ಹುಡುಕುವ ಬಗೆ ನೋಡಿ ನನಗೆ ಮೊದಲ ಬೆರಗು. ತುಂಡಿನ ತುದಿಯ ಮೇಲೆ ಹೆಬ್ಬೆರಳನ್ನು ಅಂಚಿಗೆ ಆನಿಸಿ ಸುಣ್ಣದಿಂದ ಒಂದು ಗೆರೆ. ತುಂಡನ್ನು ತಿರುಗಿಸಿ ಇನ್ನೊಂದು. ಹೀಗೆ ನಾಲ್ಕು ಗೆರೆ. ನಡುವೆ ಅಕ್ಕಿಕಾಳಿನಷ್ಟು ಚೌಕ ಉಳಿಯಿತು. ಅದರ ನಡುವೆ ಮೊಳೆ ಒತ್ತಿದಳು. ನಾನು ಎರಡು ಜ್ಯಾ, ಅವುಗಳ ಲಂಬಾರ್ಧಕ, ಅವು ಕೂಡುವ ಬಿಂದು ಎಂದು ಅರ್ಧ ಹಲಗೆ ತುಂಬಿಸುವ ಕೆಲಸ ಮುಗಿದುಹೋಗಿತ್ತು. ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಅದು ಏಕೆ ಸರಿಯೆಂದು ಅವಳಿಗೆ ವಿವರಿಸಲು ಹೊರಟೆ. ಅವಳು ಮುಗಿಯುವ ತನಕ ಕೇಳಿ, "ಎಲ್ಲಾ ತಿಳಕೊಂಡೀರಿ ನೀವು" ಎಂದಳು. ನಾನದನ್ನು ಹೊಗಳಿಕೆ ಎಂದೇ ತಿಳಿದೆ.

ಕೊರೆಯುವ ಕೆಲಸ ಹೀಗೆ. ತಿರುಗುವ ಕಡೆ ಒಂದು ಮರದ ಬಟ್ಟಲು ಇರುತ್ತದೆ, ತುಂಡಿನ ಒಂದು ತುದಿಯನ್ನು ಅದರೊಳಗೆ ಬಡಿದು ಕೂರಿಸುತ್ತಾರೆ. ಮೋಟಾರು ಹಾಕಿದರೆ ತುಂಡು ತಿರುಗುತ್ತದೆ. ಮೊಳಕ್ಕಿಂತ ಉದ್ದದ ಬರ್ಮಾವನ್ನು ಎರಡು ಕೈಯಲ್ಲಿ ನೇರ ಹಿಡಿದು ಮೊಳೆ ಒತ್ತಿದ ಜಾಗಕ್ಕೆ ಕೊಡಬೇಕು. ಬರ್ಮಾ ತಿರುಗುವುದಿಲ್ಲ, ಕಟ್ಟಿಗೆ ತಿರುಗುತ್ತದೆ. ಅರ್ಧ ಕೊರೆದು, ತುಂಡು ತಿರುವಿ ಕೂರಿಸಿ, ಆ ತುದಿಯಿಂದ ಇನ್ನರ್ಧ. ಎರಡು ದಾರಿಗಳು ಕತ್ತಲಲ್ಲಿ ನಡುವೆ ಕೂಡಬೇಕು.

ಮೊದಲು ಬೇವಿನ ತುಂಡೊಂದರಲ್ಲಿ ಅವಳು ತೋರಿಸಿದಳು. ನನ್ನ ಕೈಗೂ ಬರ್ಮಾ ಕೊಟ್ಟಳು. ಬೇವು ಬೆಣ್ಣೆಯ ಹಾಗೆ ದಾರಿ ಬಿಟ್ಟಿತು. ಅಷ್ಟಕ್ಕೇ ನನ್ನ ತಲೆ ತಿರುಗಿತು ನೋಡಿ. "ಒಂದನ್ನ ನಾ ಕೊರೀತೀನಿ ರೀ. ನಮ್ಮ ಅಕ್ಕಂದು" ಎಂದೆ. ಹುಸೇನಬಿ ಗಂಡನ ಮುಖ ನೋಡಿದಳು. ಅಕ್ಕನ ಹೆಸರು ಹೇಳಿದ ಮೇಲೆ ಬೇಡವೆನ್ನಲು ಅವಳಿಗೆ ಮನಸ್ಸು ಬರಲಿಲ್ಲವೇನೋ. ಪಕ್ಕಕ್ಕೆ ಸರಿದಳು.

ಜಾಲಿ ಬೇವಲ್ಲ. ಮೊದಲ ಎರಡು ಬೆರಳಿನಷ್ಟು ನೆಟ್ಟಗೆ ಹೋಯಿತು. ಆಮೇಲೆ ಸುಟ್ಟ ವಾಸನೆ. "ಹೊರಗ ತಗೀರಿ, ಹೊಟ್ಟು ಝಾಡಸ್ರಿ" ಎಂದು ಹುಸೇನಬಿ ಕೂಗಿದ್ದು ಕೇಳಿಸಿತು. ಆದರೆ ಬರ್ಮಾ ಒಳಗೆ ಹೋಗುತ್ತಿದೆಯಲ್ಲ ಎಂಬ ಅಮಲು. ಒತ್ತಿದೆ. ತಟ್ಟನೆ ಹಗುರಾಯಿತು. ಗೆದ್ದೆ ಎಂದುಕೊಂಡೆ. ಚಕ್ಕೆಯೊಂದು ಸಿಡಿದು ನನ್ನ ಕನ್ನಡಕಕ್ಕೆ ಬಡಿಯಿತು. ಮೋಟಾರು ನಿಂತಿತು. ನೋಡಿದರೆ ಬರ್ಮಾದ ತುದಿ ಒನಕೆಯ ಮಗ್ಗುಲಿಂದ, ಬಿಲದಿಂದ ಇಲಿ ಇಣುಕಿದ ಹಾಗೆ ಇಣುಕುತ್ತಿತ್ತು.

ಅವ್ವ ಕುಟ್ಟಿದ ಕಟ್ಟಿಗೆ, ಅಕ್ಕ ಕುಟ್ಟಿದ ಕಟ್ಟಿಗೆ. ನಾನು ಒಂದು ದಿನವೂ ಒನಕೆ ಹಿಡಿದವಳಲ್ಲ, ಓದುವ ಹುಡುಗಿ ಎಂದು ಇಬ್ಬರೂ ನನ್ನನ್ನು ಬಿಟ್ಟಿದ್ದರು. ಹಿಡಿದ ಮೊದಲ ದಿನವೇ ಹೀಗೆ. ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ.

"ನಿನ್ನ ಕೈಗೇನೂ ಆಗಿಲ್ಲಲ್ಲ?"

"ಇಲ್ಲಕ್ಕ."

"ಹಂಗಂದ್ರ ಆತು ಬಿಡು. ಇನ್ನೊಂದನ್ನ ಆಕಿ ಕೈಯಾಗ ಕೊಡು, ನೀ ದೂರ ನಿಂದ್ರು."

ದೂರವೇ ನಿಂತೆ. ಹುಸೇನಬಿ ಉಳಿದ ತುಂಡನ್ನು ಬಟ್ಟಲಿಗೆ ಕೂರಿಸಿದಳು. ಕಾಲು ಅಗಲಿಸಿ ನಿಂತು, ಬರ್ಮಾದ ಹಿಡಿಯನ್ನು ಬಲ ಪಕ್ಕೆಗೆ ಆನಿಸಿಕೊಂಡಳು. ಒತ್ತಲಿಲ್ಲ, ಬರೇ ಹಿಡಿದಳು. ಸ್ವಲ್ಪ ಕೊರೆಯುವುದು, ಹೊರಗೆ ತೆಗೆಯುವುದು, ಹೊಟ್ಟು ಊದುವುದು, ಕಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟು ಕಾವು ನೋಡುವುದು. ಬಿಸಿಯೆನಿಸಿದರೆ ಮೋಟಾರು ಆರಿಸಿ ಕೂತುಬಿಡುವಳು. ಒಂದು ಸಲ ಚಹಾ ಆಯಿತು. ಒಂದು ಸಲ ಅವಳ ನಮಾಜೂ ಆಯಿತು. ಅರ್ಧ ದಾರಿ ಮುಗಿದು ತುಂಡು ತಿರುವಿದಳು. ಆ ತುದಿಯಿಂದಲೂ ಬಹಳಷ್ಟು ಬಂದ ಮೇಲೆ ಸದ್ದು ಬದಲಾಯಿತು. ನನಗೂ ಕೇಳಿಸುವಷ್ಟು. ಗುರ್ ಎನ್ನುತ್ತಿದ್ದದ್ದು ಕಿರ್ ಎಂದಿತು. ಬರ್ಮಾವನ್ನು ಒಮ್ಮೆಗೇ ಎಳೆದುಕೊಂಡಳು.

"ಗಂಟು" ಎಂದಳು.

ಮೇಲೆ ಏನೂ ಕಾಣುತ್ತಿರಲಿಲ್ಲ. ಆ ಜಾಲಿಮರಕ್ಕೆ ಯಾವ ಕಾಲದಲ್ಲೋ ಅಲ್ಲಿ ಒಂದು ಕೊಂಬೆ ಇದ್ದಿರಬೇಕು. ಮೈಬೂಸಾಬ ಹತ್ತಿರ ಬಂದ. ಗಂಡ ಹೆಂಡತಿ ದಖನಿಯಲ್ಲಿ ಮೆಲ್ಲಗೆ ಮಾತಾಡಿಕೊಂಡರು. ಆಮೇಲೆ ಅವನು ಮೂಲೆಯ ಪೆಟ್ಟಿಗೆ ತೆಗೆದು ಒಂದು ಹಗ್ಗ ತಂದ. ಎಣ್ಣೆ ಕುಡಿದು ಕರ್ರಗಾದ ಹಳೆಯ ನೂಲಿನ ಹಗ್ಗ.

"ಮೋಟಾರಿಗೆ ಗಂಟು ತಿಳಿಯಂಗಿಲ್ಲ ರೀ" ಎಂದಳು ಹುಸೇನಬಿ, ಯಂತ್ರದ ಪಟ್ಟಿ ಕಳಚುತ್ತ. "ಅದು ಒಂದ ಸಮ ಓಡತೈತಿ. ಬರ್ಮಾ ಗಂಟಿಗೆ ಹೆದರಿ ಮಗ್ಗಲಿಗೆ ಸರೀತೈತಿ. ಹಗ್ಗ ಎಳೀಬೇಕು."

"ಯಾರು ಎಳೀಬೇಕು?"

"ಇವರ ಭುಜ ಹಿಂಗ ಐತಿ. ಇಲ್ಲಿ ಮತ್ತ್ಯಾರದಾರ?"

ನಾನು ಕೈ ಹಿಂದೆ ಕಟ್ಟಿಕೊಂಡೆ. "ಬ್ಯಾಡ ರೀ. ಒಂದು ಕೆಡಿಸೀನಿ, ಸಾಕು."

"ಒಂದು ಕೆಡಿಸೀರಿ ಅಂತನ ಕರ್ಯಾಕತ್ತೀನಿ. ಈಗ ಒತ್ತಂಗಿಲ್ಲ ನೀವು."

ಬಟ್ಟಲಿಗೆ ಹಗ್ಗ ಎರಡು ಸುತ್ತು ಸುತ್ತಿದರು. ತುದಿಗಳನ್ನು ನನ್ನ ಎರಡು ಕೈಗೆ ಕೊಟ್ಟರು. ಬಲಕ್ಕೆ ಎಳೆ, ಬಿಡು. ಎಡಕ್ಕೆ ಎಳೆ, ಬಿಡು. ಮೊದಲು ತೋಳು ನೋವು ಬಿಟ್ಟರೆ ಏನೂ ತಿಳಿಯಲಿಲ್ಲ. "ಜರಾ ನಿಧಾನ... ಹಾಂ, ಹಂಗ... ಹಂಗ." ನೂರು ಸಲ ಎಳೆದಿರಬೇಕು. ಆಮೇಲೆ, ಹೇಗೆ ಹೇಳಲಿ, ಹಗ್ಗದೊಳಗೆ ಏನೋ ಬರತೊಡಗಿತು. ಬೆರಳ ತುದಿಗೆ ಒಂದು ಸಣ್ಣ ಕರಕರ. ಬರ್ಮಾ ಗಂಟಿನ ಮೊದಲ ಪದರ ಕಚ್ಚಿದ್ದು ನನ್ನ ಅಂಗೈಗೆ ತಿಳಿಯಿತು. ಅದು ಎಡಕ್ಕೆ ಜಾರಲು ನೋಡಿದ್ದು ತಿಳಿಯಿತು. ಹುಸೇನಬಿಯ ಕೈ ಅದನ್ನು ಕೂದಲೆಳೆಯಷ್ಟು ಸರಿಸಿ ದಾರಿಗೆ ತಂದದ್ದೂ ತಿಳಿಯಿತು. ಅವಳ ಕೈಯನ್ನು ನಾನು ನೋಡುತ್ತಿರಲಿಲ್ಲ. ಕಣ್ಣು ಬೆವರಿನಿಂದ ಉರಿದು ಮುಚ್ಚಿದ್ದವು. ಇಪ್ಪತ್ತು ವರ್ಷ ಇವಳು ಓದಿದ ಪುಸ್ತಕ ಇದೇ ಎಂದು ಹೊಳೆಯಿತು.

ಒಮ್ಮೆಲೇ ಹಗ್ಗ ಹಗುರಾಯಿತು. ಆ ಹಗುರ ನನಗೆ ಆಗಲೇ ಗೊತ್ತಿತ್ತಲ್ಲ. ಕಣ್ಣು ಬಿಟ್ಟು ಮೊದಲು ನೋಡಿದ್ದು ತುಂಡಿನ ಮಗ್ಗುಲನ್ನು. ಇಲಿ ಇರಲಿಲ್ಲ.

"ಕೂಡಿತು" ಎಂದಳು ಹುಸೇನಬಿ.

ತುಂಡು ಬಿಡಿಸಿ, ಊದಿ, ನನ್ನ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು. ಬಾಗಿಲ ಕಡೆ ಹಿಡಿದು ಒಳಗೆ ನೋಡಿದೆ. ಆಚೆ ತುದಿಯಲ್ಲಿ ದುಂಡನೆಯ ಬೆಳಕು, ಅದರೊಳಗೆ ಕೋಟೆಗೋಡೆಯ ಒಂದು ಚೂರು, ಮೇಲೊಂದು ಪಾರಿವಾಳ. ನಡುವೆ ಎಲ್ಲಿ ಎರಡು ದಾರಿ ಸೇರಿವೆ ಎಂದು ಕಿರುಬೆರಳು ಹಾಕಿ ತಡವಿದೆ. ಸಿಗಲಿಲ್ಲ. ಇಷ್ಟು ವರ್ಷ ನಾನು ಕೇಂದ್ರ ಎಂದರೆ ಚುಕ್ಕೆ, ಅಕ್ಷ ಎಂದರೆ ಗೆರೆ ಎಂದು ಹೇಳಿಕೊಟ್ಟವಳು. ಅಕ್ಷವನ್ನು ಕಣ್ಣಾರೆ ನೋಡಿದ್ದು ಅವತ್ತೇ. ಮೈಬೂಸಾಬ ಇನ್ನೊಂದು ಚಹಾ ಹೇಳಿಬಂದ.

ಮಿಕ್ಕದ್ದನ್ನು ಅವಳು ಒಬ್ಬಳೇ ಮುಗಿಸಿದಳು. ತಳದಲ್ಲಿ ಉಕ್ಕಿನ ಹಲ್ಲು ಕೂರುವ ಬಾಯಿ. ಮೇಲೆ ಬೇರೆಯಾಗಿ ತಿರುಗುವ ತಲೆ. ತಲೆ ಮಾಡುವಾಗ ಒಣಗಿದ ಹಿಟ್ಟಿನ ಉಂಡೆಯನ್ನು ಮುಂದಿಟ್ಟುಕೊಂಡಳು. ಕಣ್ಣಿನಿಂದ ಅಳೆಯಲಿಲ್ಲ. ಉಂಡೆ ಹಿಡಿಯುವಳು, ಕಟ್ಟಿಗೆ ಹಿಡಿಯುವಳು, ಮತ್ತೆ ಉಂಡೆ. ಕೊನೆಗೆ ಯಂತ್ರದಿಂದ ಇಳಿಸಿ, ಸಣ್ಣ ಉಳಿಯಿಂದ ಮೂರು ತಗ್ಗು ತೋಡಿದಳು. ತಡೆದು, ನೆತ್ತಿಯ ಮೇಲೆ ಹೆಬ್ಬೆರಳು ಕೂರಲು ಒಂದು ಸಣ್ಣ ಗುಳಿಯನ್ನೂ ತೋಡಿದಳು.

"ನಾಲ್ಕನೇ ಬೆರಳಿಗೆ?" ಎಂದೆ.

"ಅದು ದಣದೈತಿ ರೀ. ಸುಮ್ಮನ ಕುಂದ್ರಲಿ ಬಿಡ್ರಿ" ಎಂದಳು.

ಮರುದಿನ ಮಸ್ಕಿಯಲ್ಲಿ ಮಧ್ಯಾಹ್ನದ ಊಟ. ಬಿಸಿ ಅನ್ನ, ತಿಳಿಸಾರು. ಅಕ್ಕ ಗಿರಣಿಯ ಮೈಯನ್ನು ಎಡಮೊಳಕೈಯಿಂದ ಎದೆಗೆ ಅವುಚಿಕೊಂಡಳು. ಬಲಗೈಯನ್ನು ತಲೆಯ ಮೇಲಿಟ್ಟಳು. ಮೂರು ಬೆರಳು ತಮ್ಮ ತಮ್ಮ ಮನೆ ಹುಡುಕಿಕೊಂಡು ಹೋಗಿ ಕೂತವು. ತಿರುಗಿಸಿದಳು. ಅಲುಗಲಿಲ್ಲ. ಅವಳ ಹಣೆಯ ನರ ಉಬ್ಬಿತು. ನಾನು ಕೈ ಚಾಚಿದೆ.

"ಕೈ ತಗಿ."

ತೆಗೆದೆ. ಮಂಜುಳಾ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು. ಅಕ್ಕ ಉಸಿರು ಬಿಟ್ಟು, ಮಣಿಕಟ್ಟಿನಿಂದ ಇನ್ನೊಮ್ಮೆ ತಿರುವಿದಳು. ಕರ್. ಅನ್ನದ ಮೇಲೆ ನಾಲ್ಕಾರು ಕಪ್ಪು ಚುಕ್ಕೆ ಬಿದ್ದವು. ಮತ್ತೊಮ್ಮೆ, ಕರ್ ಕರ್. ತುತ್ತು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿ, "ಖಾರ ಐತಿ" ಎಂದಳು. ಅದು ಖಾರದ ನೀರೇ ಎಂದು ನಾವೆಲ್ಲ ಒಪ್ಪಿಕೊಂಡೆವು. ಆಮೇಲೆ ಸೊಸೆಯನ್ನು ಎಳೆದು ಕೂರಿಸಿ ಅವಳ ಗಂಗಾಳಕ್ಕೆ ಹಾಕಿದಳು, ಮಗನಿಗೆ ಹಾಕಿದಳು, ನನಗೆ ಹಾಕಿದಳು. ಸಾಕೆಂದರೂ ಕೇಳಲಿಲ್ಲ. ನನಗೆ ಏಳೆಂಟು ಸೀನು ಬಂದವು.

ಅಷ್ಟರಲ್ಲಿ ಫೋನು. ಹುಸೇನಬಿ. ಹೊಗಳಬೇಕೆಂದು ನಾನು ಶುರುಮಾಡಿದರೆ ತಡೆದಳು. "ಮಾತು ಆಮ್ಯಾಲ ರೀ. ಸದ್ದು ಕೇಳಸ್ರಿ."

ಫೋನನ್ನು ಸ್ಪೀಕರಿಗೆ ಹಾಕಿ ಗಿರಣಿಯ ಪಕ್ಕಕ್ಕೆ ಹಿಡಿದೆ. ಅಕ್ಕ ತಿರುವಿದಳು. ಕರ್ ಕರ್.

"ಇನ್ನೊಂದು ಸುತ್ತು ತಿರುವ್ರಿ."

ಅಕ್ಕ ತಿರುವಿದಳು.

"ಗಂಟಿನ ಹತ್ತರ ಎಲ್ಲೂ ತಿಕ್ಕಾಕತ್ತಿಲ್ಲ. ಬರಾಬರ್ ಐತಿ" ಎಂದು ಹುಸೇನಬಿ ತನಗೆ ತಾನೇ ಹೇಳಿಕೊಂಡಳು. ಆಮೇಲೆ, "ಒಳಗ ಕಾಳು ಮುಗ್ಯಾಕ ಬಂದಾವ ನೋಡ್ರಿ. ಅಕ್ಕಾರಿಗೆ ತುಂಬಿ ಕೊಡ್ರಿ" ಎಂದಳು.

ಮಂಜುಳಾ ತಲೆ ಬಿಚ್ಚಿ, ಗಿರಣಿಯನ್ನು ಬೆಳಕಿಗೆ ಓರೆ ಮಾಡಿ ನೋಡಿದಳು. ತಳದಲ್ಲಿ ಐದೇ ಐದು ಕಾಳು ಇದ್ದವು.

ಅಕ್ಕ ನನ್ನ ಕೈಯಲ್ಲಿದ್ದ ಫೋನಿನ ಕಡೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಮನೆಗೆ ದೊಡ್ಡವರು ಬಂದಾಗ ಮಾಡುವ ಹಾಗೆ, ಮಣಿಕಟ್ಟಿನಿಂದಲೇ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.